ಬಿಸಿ ಬೇಕಾದವರು

ಆ ಕಾಲಕ್ಕೆ ನಮ್ಮೂರಲ್ಲಿ ಮಟಮಟ ಮಧ್ಯಾಹ್ನವೂ ಬಲ್ಬು ಉರಿಯುತ್ತಿದ್ದವು. ಹೊರಗಿನಿಂದ ಬಂದವರು ಮೊದಲು ಕೇಳುತ್ತಿದ್ದದ್ದೇ ಅದನ್ನು. "ಏನಮ್ಮಾ, ಬೆಳಗಾಗಿದ್ದು ಗೊತ್ತಾಗ್ಲಿಲ್ವಾ?" ಅನ್ನುತ್ತಿದ್ದರು. ನಾನು ಟೈಲರ್ ಕಮಲಕ್ಕ, ಬಾಯಿ ಜೋರು ಅಂತ ಊರೆಲ್ಲ ಹೆಸರು ಮಾಡಿದವಳು. ಆದರೂ ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಡುತ್ತಿರಲಿಲ್ಲ. ಬಾಗಿಲು ಪೂರ್ತಿ ತೆರೆದು ನಡುಮನೆ ತೋರಿಸುತ್ತಿದ್ದೆ, ಅಷ್ಟೇ. ಅಲ್ಲಿ ಹೊಲಿಗೆ ಮಿಷನ್ನಿನ ಪಕ್ಕ, ಅರವತ್ತು ವ್ಯಾಟಿನ ಬಲ್ಬಿನ ಕೆಳಗೆ, ಮೊಣಕಾಲು ತಬ್ಬಿಕೊಂಡು ನನ್ನ ಮಗ ಪುಟ್ಸಾಮಿ ಕೂತಿರುತ್ತಿದ್ದ. ಅವನು ತೀರಿಕೊಂಡು ಆಗ ಮೂರು ವರ್ಷ ಆಗಿತ್ತು.

ಸತ್ತವರು ನಮ್ಮೂರಲ್ಲಿ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಮಣ್ಣು ಮಾಡಿ ಬಂದು, ತಲೆಗೆ ನೀರು ಹಾಕಿಕೊಂಡು, ಅವರ ಹೆಸರಿನಲ್ಲಿ ಒಂದು ಬಲ್ಬು ಹಚ್ಚಿದರೆ ಸಾಯಂಕಾಲದೊಳಗೆ ಬಂದು ಅದರ ಕೆಳಗೆ ಕೂರುತ್ತಿದ್ದರು. ಮಾತಿಲ್ಲ, ಊಟವಿಲ್ಲ, ನಿದ್ದೆಯಿಲ್ಲ. ಹೆಸರು ಹಿಡಿದು ಕರೆದರೆ ಮೊದಲು ಕಣ್ಣು ಮಾತ್ರ ಇತ್ತ ತಿರುಗುತ್ತಿತ್ತು, ಆಮೇಲೆ ನಿಧಾನವಾಗಿ ಮುಖ. ನನಗಂತೂ ಅಷ್ಟೇ ಸಾಕಾಗಿತ್ತು. ಬ್ಲೌಸಿಗೆ ಹುಕ್ಕು ಹಾಕುತ್ತಾ ದಿನಕ್ಕೆ ನೂರು ಸಲ ಕರೆಯುತ್ತಿದ್ದೆ. ಬಲ್ಬು ಆರಿದರೆ ಮಾತ್ರ ಅವರು ಹೋದಂತೆಯೇ, ಮತ್ತೆ ಬರುವುದಿಲ್ಲ. ಅದಕ್ಕೇ ಪ್ರತಿ ಮನೆಯಲ್ಲೂ ಅಕ್ಕಪಕ್ಕ ಎರಡು ಹೋಲ್ಡರು ಇರುತ್ತಿದ್ದವು. ಒಂದು ಬಲ್ಬು ಹಳತಾಯಿತು ಅನ್ನಿಸಿದರೆ ಇನ್ನೊಂದನ್ನು ಹೊತ್ತಿಸಿ ಆಮೇಲೆ ಅದನ್ನು ಬಿಚ್ಚುತ್ತಿದ್ದೆವು. ಪುಣ್ಯಕ್ಕೆ ನಮ್ಮೂರಲ್ಲಿ ಕರೆಂಟು ಒಂದು ದಿನವೂ ಹೋಗುತ್ತಿರಲಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ಅವರನ್ನು ಮುಟ್ಟಬಾರದು. ಯಾಕೆ ಅಂತ ಯಾರಿಗೂ ನೆನಪಿರಲಿಲ್ಲ, ಯಾರೂ ಮುಟ್ಟುತ್ತಲೂ ಇರಲಿಲ್ಲ.

ಊರಿನ ಟ್ರಾನ್ಸ್‌ಫಾರ್ಮರು ಈ ಬಲ್ಬುಗಳ ಭಾರಕ್ಕೇ ಹಗಲೆಲ್ಲ ಗುಂಯ್ ಅನ್ನುತ್ತಿತ್ತು. ಹಾಗಾಗಿ ಯಾರ ಮನೆಯಲ್ಲೂ ಫ್ಯಾನ್ ಹಾಕುವಂತಿರಲಿಲ್ಲ. ಮೇಲೆ ಶೀಟಿನ ಸೂರು, ಒಳಗೆ ಬಲ್ಬಿನ ಕಾವು. ಬೇಸಿಗೆಯಲ್ಲಿ ನನ್ನ ಮಗಳು ವನಜ ಒದ್ದೆ ಟವೆಲನ್ನು ಎದೆಗೆ ಸುತ್ತಿಕೊಂಡು ಓದಲು ಕೂರುತ್ತಿದ್ದಳು. ಅವಳಿಗೆ ಹನ್ನೆರಡು ವರ್ಷ, ಏಳನೇ ಕ್ಲಾಸು. ಸೆಖೆ ಅಂತ ಒಂದು ದಿನವೂ ಗೊಣಗಿದವಳಲ್ಲ. ಗೊಣಗಿದರೆ ತಮ್ಮನ ಬಲ್ಬಿನ ಮೇಲೆ ದೂರು ಹೇಳಿದಂತೆ ಆಗುತ್ತದೆ ಅಂತ ಅವಳಿಗೂ ಗೊತ್ತಿತ್ತು. ನನ್ನ ಗಂಡ ಮಾತ್ರ, ಸತ್ತ ಮಗನ ಎದುರು ಕೂತು ಮುದ್ದೆ ನುಂಗೋದು ನನ್ ಕೈಲಾಗಲ್ಲ ಕಣೇ ಅಂದು, ಲಾರಿ ಹತ್ತಿ ಊರು ಬಿಟ್ಟು ಹೋಗಿದ್ದ.

ಆ ವರ್ಷ ಶಾಲೆಗೆ ಇಂದುಧರ ಮೇಷ್ಟ್ರು ಅಂತ ಹೊಸಬರು ಬಂದರು. ಬೇರೆ ಊರವರು, ಒಂಟಿ ಜೀವ, ಒಂದು ಹಳೇ ಸೈಕಲ್ಲು. ಫೆಬ್ರವರಿಯಲ್ಲಿ ಒಂದು ಸಂಜೆ ವನಜ ಶಾಲೆಯಿಂದ ಬಂದವಳೇ ಚೀಲ ಕೂಡ ಇಳಿಸದೆ ಶುರು ಮಾಡಿದಳು.

"ಅಮ್ಮಾ, ನಾವು ಸ್ವಿಚ್ ಹಾಕ್ದಾಗೆಲ್ಲ ಎಲ್ಲೋ ಒಂದ್ ಕಡೆ ಕಲ್ಲಿದ್ದಲು ಸುಡ್ತಾರಂತೆ. ಆ ಹೊಗೆ ಮೇಲಕ್ಕೋಗಿ ಭೂಮಿಗೆ ಕಂಬಳಿ ಹೊದ್ಸಿದಂಗೆ ಆಗೈತಂತೆ. ಒಳಗಿನ ಕಾವು ಹೊರಕ್ಕೆ ಹೋಗಲ್ವಂತೆ. ಅದಕ್ಕೇ ವರ್ಷದಿಂದ ವರ್ಷಕ್ಕೆ ಬಿಸ್ಲು ಜಾಸ್ತಿ."

"ಯಾರು ಹೇಳಿದ್ದು?"

"ಇಂದುಧರ ಮೇಷ್ಟ್ರು. ಜಾಗತಿಕ ತಾಪಮಾನ ಏರಿಕೆ ಅಂತಾರಂತೆ ಅದಕ್ಕೆ. ಮನೇಲಿ ಎಷ್ಟು ಬಲ್ಬು ಉರೀತವೆ ಎಣಿಸ್ಕೊಂಡು ಬನ್ನಿ ಅಂದವ್ರೆ."

"ಅವರ ಮನೇಲಿ ಯಾರಾದ್ರೂ ಸತ್ತು ಕೂತವ್ರಾ?"

"ಅವರು ಬೇರೆ ಊರವರಲ್ವಾ ಅಮ್ಮಾ."

"ಮತ್ತೆ! ಅದಕ್ಕೇ ಎಣಿಸೋಕೆ ಪುರುಸೊತ್ತೈತೆ," ಅಂದೆ. ವನಜ ನಕ್ಕಳು. ಆಮೇಲೆ ಪುಸ್ತಕದ ಹಿಂದಿನ ಹಾಳೆಯಲ್ಲಿ ನಮ್ಮ ಮನೆಯ ಲೆಕ್ಕ ಬರೆದುಕೊಂಡಳು. ಒಂದು ಬಲ್ಬು.

ಉಳಿದವರ ಮನೆ ನಮ್ಮ ಹಾಗಿರಲಿಲ್ಲ. ಹಳೇ ಮನೆಗಳಲ್ಲಿ ಮುತ್ತಜ್ಜ, ಅವರಪ್ಪ, ಅವರ ಇಬ್ಬರು ಹೆಂಡಿರು, ಹೀಗೆ ಪಡಸಾಲೆ ತುಂಬ ಸಾಲಾಗಿ ಕೂತಿರುತ್ತಿದ್ದರು. ಬದುಕಿದ್ದವರು ಸಂದಿಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದರು. ನಲವತ್ತೊಂದು ಮಕ್ಕಳ ಕ್ಲಾಸಿನಲ್ಲಿ ಇನ್ನೂರ ಅರವತ್ತಮೂರು ಬಲ್ಬು ಬಂದವು. ಮೇಷ್ಟ್ರು ಬೋರ್ಡಿನ ಮೇಲೆ ಆ ಸಂಖ್ಯೆ ಬರೆದು ಎರಡೆರಡು ಸಲ ಕೂಡಿ ನೋಡಿದರಂತೆ. ಮಾರನೇ ದಿನ ಪೇಟೆಯಿಂದ ಎಲ್‌ಇಡಿ ಬಲ್ಬು ತಂದು, ಇದನ್ನು ಹಾಕಿ, ಹತ್ತರಲ್ಲಿ ಒಂದು ಪಾಲು ಕರೆಂಟು ಸಾಕು ಅಂದರು. ಪಕ್ಕದ ಮನೆ ಗೌರಕ್ಕ ತನ್ನ ಅತ್ತೆಗೆ ಅದನ್ನು ಹಾಕಿ ನೋಡಿದಳು. ಬೆಳಕೇನೋ ಹಾಲಿನ ಹಾಗೆ ಬಿತ್ತು. ಆದರೆ ಆ ಮುದುಕಿ ತುದಿಯಿಂದ ಮಾಸುತ್ತಾ ಬಂದಳು, ಮೊದಲು ಕಾಲ್ಬೆರಳು, ಆಮೇಲೆ ಮೊಣಕಾಲು. ಗೌರಕ್ಕ ಕಿರುಚಿಕೊಂಡು ಹಳೇ ಬಲ್ಬು ಹಾಕಿದಳು. ಅವರಿಗೆ ಬೇಕಾಗಿದ್ದದ್ದು ಬೆಳಕಲ್ಲ, ಕಾವು ಅಂತ ಊರಿಗೆ ಗೊತ್ತಾಗಿದ್ದು ಅವತ್ತೇ.

ಅದಾದ ಸೋಮವಾರ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳೆಲ್ಲ ಕೈ ಮುಂದೆ ಚಾಚಿ ಸಂಕಲ್ಪ ಮಾಡಿದರು. ತಲೆಗೊಂದು ಬಲ್ಬು ಆರಿಸುವುದು. ದೊಡ್ಡ ಚಾರ್ಟ್ ಶೀಟಿನಲ್ಲಿ ತಮ್ಮ ತಮ್ಮ ಹೆಸರು ಬರೆದು ಗೋಡೆಗೆ ಅಂಟಿಸಿದರು. ಬಲ್ಬು ಆರಿಸಿದವರ ಹೆಸರಿನ ಮುಂದೆ ಒಂದು ಹಸಿರು ಎಲೆ ಬಿಡಿಸುವುದು ಅಂತ ಮಾತಾಯಿತು. ದೊಡ್ಡವರು ಜಗಳ ತೆಗೆಯುತ್ತಾರೆ ಅಂದುಕೊಂಡಿದ್ದೆ. ಯಾರೂ ತೆಗೆಯಲಿಲ್ಲ. ಮುತ್ತಜ್ಜನ ಅಪ್ಪನ ಹೆಸರು ಎಷ್ಟು ಮನೆಯವರಿಗೆ ನೆನಪಿತ್ತು ಹೇಳಿ? ಹೆಸರೇ ಗೊತ್ತಿಲ್ಲದೆ ಕರೆಯುವುದು ಹೇಗೆ? ಅಂಥವರೆಲ್ಲ ಒಂದೇ ವಾರದಲ್ಲಿ ಹೋದರು. ಅವರ ಬೆನ್ನಿಗೇ ಅತ್ತೆಯರು. ಗೌರಕ್ಕ ಸ್ವಿಚ್ ಆರಿಸುವ ಮೊದಲು ತನ್ನ ಅತ್ತೆಗೆ ಕುಂಕುಮ ತೋರಿಸಿ, "ಭೂಮಿತಾಯಿಗೋಸ್ಕರ ಕಣತ್ತೆ, ನನಗೋಸ್ಕರ ಅಲ್ಲ," ಅಂದಳು. ಬೀದಿಗೆ ಬೀದಿಯೇ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಕ್ಕಿತು.

ಉಳಿದ ಕರೆಂಟಿಗೆ ಶಾಲೆಯಲ್ಲಿ ಒಂದು ಫ್ಯಾನ್ ಹಾಕಿದರು. ಊರಿನ ಮೊದಲ ಫ್ಯಾನು. ಅದನ್ನು ತಿರುಗಿಸಿದ ದಿನ ಮಕ್ಕಳು ಅದರ ಕೆಳಗೆ ಅಂಗಾತ ಮಲಗಿ ಕಣ್ಣು ಮುಚ್ಚಿಕೊಂಡರು. ನಾನೂ ನೋಡಲು ಹೋಗಿದ್ದೆ. ವನಜಳ ಹಣೆಗೂದಲು ಗಾಳಿಗೆ ಹಾರುವುದನ್ನು ನೋಡುತ್ತಾ ನಿಂತೆ. ಆಮೇಲೆ ಗೋಡೆಯ ಮೇಲಿನ ಚಾರ್ಟು ನೋಡಿದೆ. ನಲವತ್ತು ಹೆಸರಿನ ಮುಂದೆ ಎಲೆ ಇತ್ತು. ನನ್ನ ಮಗಳ ಹೆಸರಿನ ಮುಂದೆ ಮಾತ್ರ ಖಾಲಿ.

ಮನೆಯಲ್ಲಿ ಅವಳು ಆ ವಿಷಯ ಎತ್ತಲೇ ಇಲ್ಲ. ಎತ್ತಿದ್ದರೆ ನಾಲ್ಕು ಬಾರಿಸುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವಳ ಮೌನವೇ ನನಗೆ ಉರಿ ಹತ್ತಿಸಿತು. ಕತ್ತರಿ ಕೈಯಲ್ಲೇ ಹಿಡಿದುಕೊಂಡು ಶಾಲೆಗೆ ಹೋದೆ.

"ಮೇಷ್ಟ್ರೇ, ನನ್ ಮಗಳ ಕೈಲಿ ನನ್ ಮಗನ್ನ ಆರಿಸ್ಬೇಕು ಅಂತ ಇದ್ದೀರಾ?"

ಅವರು ಕತ್ತರಿ ನೋಡಿದರು, ನನ್ನನ್ನು ನೋಡಿದರು, ಕುರ್ಚಿ ಸರಿಸಿ ಕೂರಿಸಿದರು. "ನಾನು ಆರಿಸಿ ಅಂತ ಹೇಳಲಿಲ್ಲ ಕಮಲಮ್ಮ. ಎಣಿಸಿ ಅಂದೆ. ಸಂಕಲ್ಪ ಮಕ್ಕಳದ್ದೇ."

"ಎಣಿಸೋಕೆ ಹೇಳ್ಕೊಟ್ಟೋರು ನೀವೇ ತಾನೆ?"

ಅವರು ಬೀರುವಿನಿಂದ ಹಾಜರಿ ಪುಸ್ತಕಗಳನ್ನು ತೆಗೆದರು. "ಈ ಮಕ್ಕಳು ಒಂದನೇ ಕ್ಲಾಸಿಗೆ ಸೇರಿದಾಗ ಐವತ್ತೆಂಟು ಜನ ಇದ್ದರು. ಈಗ ನಲವತ್ತೊಂದು. ಮಿಕ್ಕ ಹದಿನೇಳು ಎಲ್ಲಿ?"

"ಅವರವರ ಮನೇಲಿ ಕೂತವ್ರೆ. ಇನ್ನೆಲ್ಲಿ?"

"ಎಲ್ಲರೂ ಮಾರ್ಚಿಂದ ಮೇ ಒಳಗೆ ಹೋದವರು. ನಿಮ್ಮ ಹುಡುಗ ಯಾವ ತಿಂಗಳು?"

"ಏಪ್ರಿಲ್," ಅಂದೆ. ಜ್ವರ ಅಂದುಕೊಂಡಿದ್ದೆವು. ಮೈ ಸುಡುತ್ತಿತ್ತು, ಬೆವರೇ ಇರಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಹೋಗಿಬಿಟ್ಟ.

"ಒಂದು ಮಗು ಹೋದರೆ ಒಂದು ಬಲ್ಬು ಹತ್ತುತ್ತದೆ. ಮಾರನೇ ವರ್ಷ ಇನ್ನಷ್ಟು ಕಾವು, ಇನ್ನೊಂದು ಮಗು," ಅಂದರು. ನಾನು ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಬಂದೆ. ದಾರಿಯುದ್ದಕ್ಕೂ ಅವರಿಗೆ ಶಾಪ ಹಾಕಿದೆ. ಆದರೆ ಅವರು ಹೇಳಿದ್ದು ಸುಳ್ಳು ಅಂತ ಒಂದು ಸಲವೂ ಅನ್ನಿಸಲಿಲ್ಲ.

ಎರಡು ದಿನ ಬಿಟ್ಟು, ಭಾನುವಾರ, ಒಂದು ಮದುವೆ ಮನೆಗೆ ಬ್ಲೌಸು ಕೊಟ್ಟು ಬಂದೆ. ಮನೆ ಕತ್ತಲೆ. ಹಗಲು ಮೂರು ಗಂಟೆ, ಆದರೂ ಬಲ್ಬಿಲ್ಲದ ನಮ್ಮ ನಡುಮನೆಯನ್ನು ನಾನು ಮೂರು ವರ್ಷದಿಂದ ನೋಡಿಯೇ ಇರಲಿಲ್ಲವಲ್ಲ, ಅಷ್ಟು ಕತ್ತಲೆ ಕಂಡಿತು. ಕೈಯಲ್ಲಿದ್ದ ಚೀಲ ಬಿದ್ದುಹೋಯಿತು. "ಏನ್ ಮಾಡಿದ್ಯೇ, ಮುಂಡೇದೇ!" ಅಂತ ಕೈ ಎತ್ತಿಕೊಂಡೇ ಒಳಗೆ ನುಗ್ಗಿದೆ.

"ಅಮ್ಮಾ, ಕೂಗ್ಬೇಡ. ಹೋಗಿಲ್ಲ. ಇಲ್ಲೇ ಅವ್ನೆ," ಅಂದಳು ವನಜ.

ಅವಳು ಗೋಡೆಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಪುಟ್ಸಾಮಿ. ಅವಳ ಎದೆಗೆ ಕೆನ್ನೆ ಒತ್ತಿಕೊಂಡು, ಎರಡೂ ಕೈಯಲ್ಲಿ ಅವಳ ನಡು ಹಿಡಿದುಕೊಂಡಿದ್ದ. ಬದುಕಿದ್ದಾಗ ಹಾಗೇ ಮಲಗುತ್ತಿದ್ದ.

"ಬಲ್ಬಿಗೆ ಬಿಸಿ ಇರೋದಾದ್ರೆ ನಮ್ ಮೈಗೂ ಬಿಸಿ ಐತಲ್ವಾ? ಮೂವತ್ತೇಳು ಡಿಗ್ರಿ. ಮೇಷ್ಟ್ರೇ ಹೇಳಿದ್ರು. ಆರ್ಸೋಕೆ ಮುಂಚೆ ಅಪ್ಪಿಕೊಂಡೆ, ಬಂದ್ಬಿಟ್ಟ. ತಂಪಾಗೈತೆ ಅಮ್ಮಾ, ಸೆಖೇನೇ ಇಲ್ಲ ನಂಗೆ."

ಎತ್ತಿದ ಕೈ ಇಳಿಯಿತು. ನನ್ನ ಬುದ್ಧಿಗೆ ಏನು ಬಡಿದಿತ್ತೋ, ಮುಟ್ಟಬಾರದು ಅನ್ನುವ ಕಟ್ಟಳೆ ನೆನಪಿಗೇ ಬರಲಿಲ್ಲ, ಅಲ್ಲೇ ಕುಸಿದು ಕೂತು ಗೋಳೋ ಅಂತ ಅತ್ತೆ. ದುಃಖಕ್ಕಲ್ಲ, ಸಂತೋಷಕ್ಕೆ. ಸಂಕಲ್ಪವೂ ನಡೆಯಿತು, ಮಗನೂ ಉಳಿದ. ಯಾವ ತಾಯಿಗೆ ಬೇಡ? ನಾನೂ ಕೈ ಚಾಚಿ ಕರೆದೆ. ಅವನ ಕಣ್ಣು ತಿರುಗಿತು, ಮುಖ ತಿರುಗಿತು, ಆದರೆ ಬರಲಿಲ್ಲ. ಮಕ್ಕಳ ಮೈ ನಮ್ಮದಕ್ಕಿಂತ ಬಿಸಿ ಇರುತ್ತದೆ. ಪರವಾಗಿಲ್ಲ ಬಿಡು, ಅಕ್ಕನ ಹತ್ತಿರ ಇದ್ದರೂ ಒಂದೇ, ನನ್ನ ಹತ್ತಿರ ಇದ್ದರೂ ಒಂದೇ ಅಂದುಕೊಂಡೆ. ಅವತ್ತು ನಾನು ಮಾಡಿದ ತಪ್ಪು ಅದು. ಈಗಲೂ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮಾರನೇ ದಿನ ವನಜಳ ಹೆಸರಿನ ಮುಂದೆ ಎಲೆ ಬಂತು. ಸುದ್ದಿ ತರಗತಿಯಲ್ಲಿ ಹಬ್ಬಿ, ಮಕ್ಕಳು ಹೊಸ ಸಂಕಲ್ಪ ಮಾಡಿದರು. ತಲೆಗೊಂದಲ್ಲ, ಉಳಿದ ಬಲ್ಬನ್ನೆಲ್ಲ ಆರಿಸುವುದು. ಮನೆಯವರಿಗೆ ಬೇಕಾದವರನ್ನು, ಹೆಸರು ನೆನಪಿರುವವರನ್ನು ಮಕ್ಕಳೇ ಹೊತ್ತುಕೊಳ್ಳುವುದು. ಒಬ್ಬ ಅಪ್ಪನನ್ನು ಬೆನ್ನ ಮೇಲೆ ಹೊತ್ತ, ಒಬ್ಬಳು ಅಜ್ಜಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಸತ್ತವರಿಗೆ ಭಾರ ಇರಲಿಲ್ಲ. ಹದಿನೈದು ದಿನದಲ್ಲಿ ಊರಿನ ಬಲ್ಬೆಲ್ಲ ಆರಿ, ಮನೆಮನೆಯಲ್ಲೂ ಫ್ಯಾನ್ ತಿರುಗತೊಡಗಿತು. ಟ್ರಾನ್ಸ್‌ಫಾರ್ಮರಿನ ಗುಂಯ್ ನಿಂತಿತು. ಮೇಲಿನ ಆಫೀಸಿನವರು ಬಂದು, ವಿದ್ಯುತ್ ಉಳಿಸಿದ ಮಾದರಿ ಊರು ಅಂತ ಮಕ್ಕಳಿಗೆ ಹಾರ ಹಾಕಿ ಫೋಟೋ ತೆಗೆದುಕೊಂಡು ಹೋದರು. ಆ ಫೋಟೋ ಆಮೇಲೆ ಅಂಚೆಯಲ್ಲಿ ಬಂತು. ಅದರಲ್ಲಿ ನಲವತ್ತೊಂದು ಮಕ್ಕಳು ಸಾಲಾಗಿ ಕೂತು, ಖಾಲಿ ಗಾಳಿಯನ್ನು ಎದೆಗೆ ಅಪ್ಪಿಕೊಂಡಿದ್ದರು.

ಮೊದಮೊದಲು ನಾವು ಹಿಗ್ಗಿದ್ದೇ ಹಿಗ್ಗಿದ್ದು. ಗೌರಕ್ಕನಂತೂ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತು, "ಸ್ವರ್ಗ ಕಣೇ ಕಮಲಿ, ಇಷ್ಟು ದಿನ ಎಂಥಾ ಪೆದ್ದರಾಗಿದ್ವಿ," ಅನ್ನುತ್ತಿದ್ದಳು. ಅವಳ ಮಗಳು ನಂದಿನಿಯ ತೊಡೆಯ ಮೇಲೆ ಗೌರಕ್ಕನ ಸತ್ತ ಮಾವ ಕೂತಿದ್ದ. ಮಾವನನ್ನು ಮಾತ್ರ ಗೌರಕ್ಕ ಉಳಿಸಿಕೊಂಡಿದ್ದಳು, ಒಳ್ಳೆಯ ಮನುಷ್ಯ. ಮಕ್ಕಳು ಮೊದಲಿನ ಹಾಗೆ ಬೀದಿಯಲ್ಲಿ ಕುಣಿಯುತ್ತಿರಲಿಲ್ಲ. ಹೊತ್ತುಕೊಂಡವರನ್ನು ಬೀಳಿಸಬಾರದಲ್ಲ, ಅದಕ್ಕೇ ಜವಾಬ್ದಾರಿ ಬಂದಿದೆ ಅಂದುಕೊಂಡೆವು.

ಏಪ್ರಿಲ್ ಬಂತು. ಬೀದಿಯ ಡಾಂಬರು ಕರಗಿ ಚಪ್ಪಲಿಗೆ ಅಂಟುವ ಬಿಸಿಲು. ಒಂದು ಮಧ್ಯಾಹ್ನ, ಶಾಲೆಗೆ ಹೋಗದೆ ಮನೆಯಲ್ಲೇ ಕೂತಿದ್ದ ವನಜ, "ಅಮ್ಮಾ, ಫ್ಯಾನ್ ಆರಿಸು, ಚಳಿ ಆಗ್ತೈತೆ," ಅಂದಳು.

"ತಮಾಷೆನಾ? ನಾನು ಬೆಂದು ಸಾಯ್ತಿದೀನಿ."

"ಕಂಬಳಿ ಕೊಡು ಹಂಗಾದ್ರೆ."

ಕಂಬಳಿ ಹೊದಿಸಲು ಹೋಗಿ ಕುತ್ತಿಗೆ ಮುಟ್ಟಿದೆ. ಮಡಕೆಯ ತಳದ ಹಾಗೆ ತಣ್ಣಗಿತ್ತು. ಬೆವರಿನ ಒಂದು ಹನಿಯಿಲ್ಲ. ಆಗ ನನಗೆ ಹೊಳೆಯಿತು, ಅವಳು ಬೆವರಿ ಎಷ್ಟೋ ದಿನ ಆಗಿದೆ. ತಟ್ಟೆಯಲ್ಲಿ ಊಟ ಉಳಿಯುತ್ತಿದೆ, ಅದಕ್ಕೂ ನಾನು ಬಿಸಿಲಿಗೆ ಬಾಯಿ ಕೆಟ್ಟಿದೆ ಅಂದುಕೊಂಡಿದ್ದೆ. ಪುಟ್ಸಾಮಿಯ ಕೆನ್ನೆ ಮಾತ್ರ ಕೆಂಪಗೆ, ತುಂಬಿಕೊಂಡು, ಈಗಷ್ಟೇ ಆಟ ಮುಗಿಸಿ ಬಂದವನ ಹಾಗಿತ್ತು. "ವನಜಾ," ಅಂತ ಕರೆದೆ. ಮೊದಲು ಅವಳ ಕಣ್ಣು ಇತ್ತ ತಿರುಗಿತು. ಆಮೇಲೆ, ಬಹಳ ನಿಧಾನವಾಗಿ, ಮುಖ.

ಎದ್ದವಳೇ ಮೂಲೆಗೆ ಎಸೆದಿದ್ದ ಅರವತ್ತು ವ್ಯಾಟಿನ ಬಲ್ಬನ್ನು ಹುಡುಕಿ ಹೊತ್ತಿಸಿದೆ. "ಬಾ ಮಗಾ, ಇಲ್ಲಿ ಬಾ, ನಿನ್ ಜಾಗ ಇದು," ಅಂದೆ. ಪುಟ್ಸಾಮಿ ಬಲ್ಬಿನ ಕಡೆ ನೋಡಿದ, ಮತ್ತೆ ಅಕ್ಕನ ಎದೆಗೆ ಮುಖ ಹುದುಗಿಸಿದ. ಎಳೆಯಲು ಹೋದೆ. ನೀರು ಹಿಡಿದ ಹಾಗೆ, ಕೈಗೆ ಸಿಗಲೇ ಇಲ್ಲ. "ಅವನನ್ನ ಎಳೀಬೇಡಮ್ಮ, ಪಾಪ," ಅಂದಳು ವನಜ. ಆ ದನಿಯಲ್ಲಿ ಬೇಸರವಿಲ್ಲ, ನೋವಿಲ್ಲ, ಏನೂ ಇಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು.

ಶಾಲೆಗೆ ಓಡಿದೆ. ಕ್ಲಾಸು ನಡೆಯುತ್ತಿರಬೇಕಾದ ಹೊತ್ತು. ಫ್ಯಾನ್ ನಿಂತಿತ್ತು, ಕಿಟಕಿ ಮುಚ್ಚಿತ್ತು, ಬಂದಿದ್ದ ಮಕ್ಕಳೆಲ್ಲ ಕಂಬಳಿ ಹೊದ್ದು ಸಾಲಾಗಿ ಕೂತಿದ್ದರು. ಒಂದು ಪಿಸುಮಾತಿಲ್ಲ. ಇಂದುಧರ ಮೇಷ್ಟ್ರು ಹೊರಗೆ ಜಗುಲಿಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದರು.

"ಹಾಜರಿ ಕೂಗಿದೆ ಕಮಲಮ್ಮ," ಅಂದರು. "ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ತಿರುಗೋ ರೀತಿ... ನನಗೆ ಒಳಗೆ ಹೋಗೋಕೆ ಧೈರ್ಯ ಇಲ್ಲ."

"ಧೈರ್ಯ ಇಲ್ಲ ಅಂತ ಕೂತ್ರೆ ಆಯ್ತಾ? ಮೂವತ್ತೇಳು ಡಿಗ್ರಿ ಅಂತ ಹೇಳ್ಕೊಟ್ರಲ್ಲ, ಈಗ ಇದನ್ನೂ ಹೇಳಿ. ಮಕ್ಕಳ ಮೈಗಿಂತ ಬಿಸಿ ಯಾವುದು? ಬಲ್ಬಿಗೆ ಬರ್ತಿಲ್ಲ ಅವನು."

"ಬಲ್ಬು ಮೇಲಿರುತ್ತೆ, ದೂರ. ಮೈ ಒತ್ತಿಕೊಳ್ಳೋ ಹಾಗಿರಬೇಕು. ದೊಡ್ಡದಾಗಿರಬೇಕು. ಇಡೀ ಮೈಗೆ ಸಿಗಬೇಕು," ಅಂತ ಅವರು ತಮ್ಮಷ್ಟಕ್ಕೇ ಲೆಕ್ಕ ಹಾಕುವವರ ಹಾಗೆ ಹೇಳುತ್ತಾ ಹೋದರು. ಹೇಳುತ್ತಿದ್ದಂತೆ ಊರಾಚೆ ದಿಣ್ಣೆಯ ಮೇಲಿನ ಕರಿಬಂಡೆಯ ಕಡೆ ಇಬ್ಬರೂ ನೋಡಿದೆವು. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಕಾಲಿಟ್ಟರೆ ಬೊಬ್ಬೆ ಏಳುತ್ತದೆ.

ಸತ್ತವರನ್ನು ಬಿಸಿಲಿಗೆ ಬಿಡುವುದು ನಮ್ಮೂರಿನವರಿಗೆ ತಿಳಿಯದ ವಿಷಯವೇನಲ್ಲ. ಬಿಸಿಲಿಗೆ ಕರೆಂಟು ಬೇಡ, ಬಲ್ಬು ಬೇಡ. ಆದರೆ ಸಂಜೆ ಆಗುತ್ತದೆ, ಕಾವು ಆರುತ್ತದೆ, ಅವರೂ ಹೋಗಿಬಿಡುತ್ತಾರೆ. ಅದಕ್ಕೇ ಯಾರೂ ಬಿಟ್ಟಿರಲಿಲ್ಲ.

ಮೇಷ್ಟ್ರು ನನ್ನ ಮುಖ ನೋಡಿದರು. ಅವರಿಗೂ ಅದು ಗೊತ್ತಾಗಿತ್ತು. "ನೀವು ಹೇಳಿದ ಹಾಗೆ ಮಾಡೋಣ," ಅಂದರು.

"ಸೈಕಲ್ ತಗೊಂಡು ಬನ್ನಿ," ಅಂದೆ.

ಮನೆಗೆ ಬಂದು, ಪುಟ್ಸಾಮಿಯ ಸಮೇತ ವನಜಳನ್ನು ಕ್ಯಾರಿಯರ್ ಮೇಲೆ ಕೂರಿಸಿ, ಒಂದು ಕಡೆ ಮೇಷ್ಟ್ರು, ಒಂದು ಕಡೆ ನಾನು ಹಿಡಿದುಕೊಂಡು ದಿಣ್ಣೆಗೆ ನಡೆಸಿದೆವು. ಗೌರಕ್ಕ ಬಾಗಿಲಿಗೆ ಬಂದು, "ಎಲ್ಲಿಗೆ ಕಮಲಿ, ಈ ಬಿಸ್ಲಲ್ಲಿ?" ಅಂದಳು. "ಮನೇಲೇ ಕೂತವ್ಳಲ್ಲ ನಂದಿನಿ, ಅವಳ ಕುತ್ತಿಗೆ ಮುಟ್ಟಿ ನೋಡು, ಗೊತ್ತಾಗ್ತದೆ," ಅಂದೆ. ನಾವು ಬೀದಿಯ ತುದಿ ಮುಟ್ಟುವ ಮೊದಲೇ ಅವಳ ಕೂಗು ಕೇಳಿಸಿತು.

ಬಂಡೆಯ ಮೇಲೆ ಗಾಳಿ ಕುದಿಯುತ್ತಿತ್ತು. ವನಜಳನ್ನು ಎತ್ತಿ ನಟ್ಟನಡುವೆ ಕೂರಿಸಿದೆ. ಅವಳ ಅಂಗಾಲು ಕಲ್ಲಿಗೆ ತಾಗಿದರೂ ಅವಳು ಕಾಲು ಎಳೆದುಕೊಳ್ಳಲಿಲ್ಲ. "ಪುಟ್ಸಾಮಿ, ನೋಡು ಮಗಾ, ಎಷ್ಟು ಬಿಸಿ ಐತೆ ನೋಡಿಲ್ಲಿ," ಅಂದೆ. ಅಕ್ಕನ ಎದೆಯಿಂದ ಅವನ ತಲೆ ಎದ್ದಿತು. ಒಂದು ಕೈ ಕೆಳಗಿಟ್ಟು ಕಲ್ಲನ್ನು ಮುಟ್ಟಿದ. ಇನ್ನೊಂದು ಕೈಯನ್ನೂ ಇಟ್ಟ. ಆಮೇಲೆ ಅವಳ ತೊಡೆಯಿಂದ ಮೆಲ್ಲಗೆ ಜಾರಿ ಬೋರಲು ಮಲಗಿ, ಬಂಡೆಗೆ ಕೆನ್ನೆ ಒತ್ತಿದ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ನನಗೆ ಒಂದು ಯುಗ. ವನಜಳ ತುಟಿ ನಡುಗಿತು. ಮುಖ ಕಿವಿಚಿದಳು. ಇದ್ದಕ್ಕಿದ್ದಂತೆ ಎರಡೂ ಕಾಲು ಮೇಲಕ್ಕೆತ್ತಿ, "ಅಮ್ಮಾ! ಕಾಲು ಸುಡ್ತೈತಮ್ಮಾ!" ಅಂತ ಕಿರುಚಿದಳು. ನನ್ನ ಜನ್ಮದಲ್ಲಿ ಅದಕ್ಕಿಂತ ಒಳ್ಳೆಯ ಮಾತು ನಾನು ಕೇಳಿಲ್ಲ. ಬಾಚಿ ಎತ್ತಿಕೊಂಡೆ. ಅಳುತ್ತಿದ್ದಳು, ಒದೆಯುತ್ತಿದ್ದಳು, ಹಣೆಯ ಮೇಲೆ ಸಾಸಿವೆಯಷ್ಟು ಬೆವರು ಒಡೆದಿತ್ತು. ತಮ್ಮನನ್ನು ಬಿಟ್ಟು ಬರಲ್ಲ ಅಂತ ಹಟ ಮಾಡಿದಳು. ನಾನು ಬೈದೆ, ಮುದ್ದಿಸಿದೆ, ಮತ್ತೆ ಬೈದೆ. ಕೊನೆಗೆ ಮೇಷ್ಟ್ರು ಅವಳನ್ನು ಸೈಕಲ್ ಮೇಲೆ ಕೂರಿಸಿಕೊಂಡರು. "ಮಿಕ್ಕ ಮಕ್ಕಳನ್ನ ನಾಳೆ ಬೆಳಿಗ್ಗೆಯಿಂದಲೇ ಕರ್ಕೊಂಡು ಬರ್ತೀನಿ. ಅವರವರ ತಾಯಂದಿರಿಗೆ ನೀವೇ ಹೇಳಬೇಕು," ಅಂದರು. ಹೇಳುತ್ತೇನೆ ಅಂದೆ. "ನೀವು?" ಅಂದರು. "ನಾನು ಆಮೇಲೆ ಬರ್ತೀನಿ, ನಡೀರಿ," ಅಂದೆ.

ನಾವಿಬ್ಬರೇ ಉಳಿದೆವು. ಬಂಡೆಯ ಅಂಚಿನಲ್ಲಿ ಒಂದು ಬೇವಿನ ಗಿಡದ ಅಂಗೈಯಗಲ ನೆರಳಿತ್ತು, ಅಲ್ಲಿ ಕೂತೆ. ಅವನು ಮಲಗಿಯೇ ಇದ್ದ. ಮೂರು ವರ್ಷದಲ್ಲಿ ಅವನು ಮೈ ಚಾಚಿದ್ದನ್ನು ನಾನು ನೋಡಿರಲಿಲ್ಲ. ಅರವತ್ತು ವ್ಯಾಟಿನ ಕೆಳಗೆ ಮುದುಡಿಯೇ ಕೂತಿರಬೇಕಾಗಿತ್ತಲ್ಲ ಕಂದಾ ನೀನು ಅಂತ ಅತ್ತುಕೊಂಡೆ. ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಅವನಪ್ಪ ಯಾವಾಗಲೋ ಕಳಿಸಿದ ಒಂದು ಕಾಗದದ ಸುದ್ದಿ, ಗೌರಕ್ಕನ ಅತ್ತೆಯ ಸುದ್ದಿ, ಜ್ವರ ಅಂತ ಅವತ್ತು ಅವನಿಗೆ ಕಂಬಳಿ ಹೊದಿಸಿದ್ದು ನಾನೇ ಅನ್ನುವುದನ್ನೂ ಹೇಳಿದೆ. ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಐದು ಗಂಟೆಗೆ ಬಂಡೆಯ ಪೂರ್ವದ ಅಂಚು ಆರತೊಡಗಿತು. ಅವನು ಪಶ್ಚಿಮಕ್ಕೆ ಸರಿದ. ಹೊತ್ತು ಮುಳುಗಿತು. ಕಲ್ಲು ಇನ್ನೂ ಬಿಸಿ ಇತ್ತು, ಕೈಯಿಟ್ಟು ನೋಡುತ್ತಲೇ ಇದ್ದೆ. ನಟ್ಟನಡುವೆ ಒಂದು ಚಾಪೆಯಗಲ, ಆಮೇಲೆ ಒಂದು ಮಣೆಯಗಲ. ಅವನು ಅಷ್ಟಷ್ಟಕ್ಕೇ ಮೈ ಮಡಚಿಕೊಳ್ಳುತ್ತಾ ಬಂದ. ಕಾಲ್ಬೆರಳು ಮಾಸಿದವು. ಆಗ ತಲೆಯೆತ್ತಿ ನನ್ನನ್ನು ನೋಡಿದ. ನಾನು ಕರೆದಿರಲಿಲ್ಲ, ತಾನಾಗಿಯೇ ನೋಡಿದ. ಮಂಡಿಯೂರಿ ನನ್ನ ಕಡೆಗೆ ಹೊರಟ. ಆ ಹೊತ್ತಿಗೆ ಆ ಬಂಡೆಯ ಮೇಲೆ ಎಲ್ಲಕ್ಕಿಂತ ಬಿಸಿ ಇದ್ದದ್ದು ನಾನೇ.

ನನ್ನ ಎರಡೂ ಕೈ ತಾವಾಗಿಯೇ ಚಾಚಿಕೊಂಡವು. ಕೊಡಬಾರದು ಅಂತ ನನಗೇನಿರಲಿಲ್ಲ. ಈ ಮೈಯಲ್ಲಿ ಎಷ್ಟು ಕಾವಿದೆಯೋ ಅಷ್ಟನ್ನೂ ಕೊಟ್ಟು ಅಲ್ಲೇ ತಣ್ಣಗಾಗಲು ನಾನು ಸಿದ್ಧ ಇದ್ದೆ. ಆದರೆ ನಾನು ತಣ್ಣಗಾದ ಮೇಲೆ ಅವನು ಯಾರನ್ನು ಹುಡುಕಿಕೊಂಡು ದಿಣ್ಣೆ ಇಳಿಯುತ್ತಾನೆ ಅನ್ನುವುದು ನನಗೆ ಗೊತ್ತಿತ್ತು. ಅವನ ಬೆರಳು ನನ್ನ ಸೀರೆಯ ಅಂಚಿಗೆ ಒಂದು ಗೇಣು ದೂರದಲ್ಲಿತ್ತು. ಕೈ ಹಿಂದಕ್ಕೆ ಎಳೆದುಕೊಂಡೆ. "ಬೇಡ ಮಗಾ," ಅಂದೆ. ಅವನು ಅಲ್ಲೇ ನಿಂತ, ಬದುಕಿದ್ದಾಗ ಗದರಿದರೆ ನಿಲ್ಲುತ್ತಿದ್ದ ಹಾಗೇ. ಆಗಲೇ ಸೊಂಟದವರೆಗೂ ಮಾಸಿದ್ದ. ವನಜ ಮಧ್ಯಾಹ್ನದಿಂದ ಏನೂ ತಿಂದಿಲ್ಲ, ಈಗ ಅವಳಿಗೆ ಹಸಿವಾಗಿರುತ್ತದೆ, ಹೋಗಿ ಎಸರಿಡಬೇಕು ಅಂದುಕೊಂಡು ಎದ್ದೆ.